ಒಂದು ಮನೆ, ಹಲವು ಜನ: ಅಪ್ಪಣೆ ಯಾರದು?

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಸಾಗುವಾಗ ಕಾಡಿನ ನಡುವೆ ಒಳದಾರಿ ಹಿಡಿದರೆ ಕುಪ್ಪಳ್ಳಿ ಸಿಗುತ್ತದೆ. ಊರು ಎಂದರೂ ಅಲ್ಲಿಗೆ ಹೋಗುವವರು ನೋಡುವುದು ಮುಖ್ಯವಾಗಿ ಒಂದೇ ಮನೆಯನ್ನು. ಹೆಂಚು ಹೊದಿಸಿದ, ದಪ್ಪ ಮರದ ಕಂಬಗಳ, ನಡುವೆ ಆಕಾಶಕ್ಕೆ ತೆರೆದುಕೊಂಡ ತೊಟ್ಟಿಯುಳ್ಳ ಮೂರು ಅಂತಸ್ತಿನ ಮನೆ ಅದು. ಕುವೆಂಪು ಬೆಳೆದ ಈ ಮನೆ ಇಂದು ‘ಕವಿಮನೆ’ ಎಂಬ ವಸ್ತುಸಂಗ್ರಹಾಲಯ. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ನೋಡಿಕೊಳ್ಳುತ್ತಿದೆ. ಒಳಹೊಕ್ಕವರು ಜಗುಲಿ, ನಡುಮನೆ, ಅಡುಗೆಮನೆ, ಉಪ್ಪರಿಗೆಗಳನ್ನು ಒಂದೊಂದಾಗಿ ದಾಟುತ್ತಾ ಹೋದಂತೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಇಷ್ಟು ದೊಡ್ಡ ಮನೆಯಲ್ಲಿ ಎಷ್ಟು ಜನ ಇದ್ದಿರಬೇಕು?

ಪ್ರಶ್ನೆ ಸಹಜವಾದದ್ದೇ. ಆದರೆ ಅದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಇಂಥ ಮನೆಯಲ್ಲಿ ಮನೆಯವರಲ್ಲದವರು ಉಳಿಯಬೇಕಾದರೆ ಯಾರ ಅಪ್ಪಣೆ ಬೇಕಿತ್ತು? ಇಂದು ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಬೇಕೆಂದರೂ ಸರ್ಕಾರಿ ನಮೂನೆ ತುಂಬಬೇಕು. ಒಂದು ಕಾಲಕ್ಕೆ ಜಗುಲಿಯ ಮೇಲೆ ಕುಳಿತ ಯಜಮಾನನ ಒಂದು ತಲೆದೂಗು ಸಾಕಿತ್ತು. ಅಲ್ಲಿಂದ ಇಲ್ಲಿಗೆ ಅಪ್ಪಣೆ ನಡೆದು ಬಂದ ದಾರಿಯಲ್ಲಿ ಮಲೆನಾಡಿನ ನೂರು ವರ್ಷಗಳ ಚರಿತ್ರೆಯ ಒಂದು ಭಾಗವೇ ಅಡಗಿದೆ.

ಉಪ್ಪರಿಗೆಯ ಮೇಷ್ಟರು

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತಂದೆ ವೆಂಕಟಪ್ಪಗೌಡರ ಮನೆಯಾದ ಕುಪ್ಪಳ್ಳಿಯಲ್ಲಿ. ಮನೆಯ ಮಕ್ಕಳಿಗೆ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಒಬ್ಬ ಮೇಷ್ಟರನ್ನು ಗೊತ್ತು ಮಾಡಲಾಗಿತ್ತು. ಮುಂದೆ ಬಾಲಕ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ ಸೇರಿದ. ಮನೆಗೊಬ್ಬ ಮೇಷ್ಟರು ಎಂಬುದು ಅಂದಿನ ಮಲೆನಾಡಿನ ದೊಡ್ಡ ಮನೆಗಳಲ್ಲಿ ಅಪರೂಪದ ಸಂಗತಿಯಲ್ಲ. ಮನೆಗಳು ಒಂದಕ್ಕೊಂದು ಮೈಲುಗಟ್ಟಲೆ ದೂರ. ನಡುವೆ ಕಾಡು, ಹಳ್ಳ. ಮಳೆಗಾಲದಲ್ಲಿ ಶಾಲೆಗೆ ಮಕ್ಕಳನ್ನು ಕಳಿಸುವುದಕ್ಕಿಂತ ಶಾಲೆಯನ್ನೇ ಮನೆಗೆ ತರಿಸುವುದು ಸುಲಭವಾಗಿತ್ತು.

ಹೀಗೆ ಘಟ್ಟ ಹತ್ತಿ ಬಂದ ಮೇಷ್ಟರು ಮನೆಯವರೂ ಅಲ್ಲ, ನೆಂಟರೂ ಅಲ್ಲ, ಆಳೂ ಅಲ್ಲ. ಊಟ ಮನೆಯದು. ಮಲಗುವ ಜಾಗವನ್ನೂ ಮನೆಯವರೇ ತೋರಿಸಬೇಕು. ಇಂಥ ನಡುವಿನ ಜನರಿಗೆ ತೊಟ್ಟಿಮನೆಯ ಕಟ್ಟಡವೇ ಉತ್ತರವನ್ನು ಇಟ್ಟುಕೊಂಡಿತ್ತು. ಹೊರಜಗುಲಿ, ಒಳಜಗುಲಿ, ತೊಟ್ಟಿಯ ಸುತ್ತಲಿನ ಹಜಾರ, ನಡುಮನೆ, ದೇವರ ಕೋಣೆ, ಅಡುಗೆಮನೆ: ಒಂದೊಂದು ಹೊಸ್ತಿಲೂ ಒಂದೊಂದು ಅಪ್ಪಣೆ. ದಾರಿಹೋಕನಿಗೆ ಹೊರಜಗುಲಿಯಲ್ಲಿ ಕಂಬಳಿ ಹಾಸಿದರೆ, ದೂರದ ನೆಂಟನಿಗೆ ಒಳಜಗುಲಿ. ಅಡುಗೆಮನೆಯವರೆಗೆ ಹೋಗಬಲ್ಲವರು ಕೆಲವೇ ಮಂದಿ. ಯಾರು ಎಲ್ಲಿಯವರೆಗೆ ಎಂಬುದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅಪ್ಪಣೆ ಕೊಡುವವನು ಯಜಮಾನ. ಆದರೆ ಉಣ್ಣಿಸುವವಳು ಹೆಗ್ಗಡತಿ. ಬಂದವನಿಗೆ ‘ಇರು’ ಎಂದವನಿಗೆ ಆ ರಾತ್ರಿ ಒಲೆಯ ಮೇಲೆ ಇನ್ನೆಷ್ಟು ಅಕ್ಕಿ ಬೇಯಬೇಕೆಂಬ ಲೆಕ್ಕ ಗೊತ್ತಿರಬೇಕೆಂದೇನೂ ಇರಲಿಲ್ಲ. ಮಲೆನಾಡಿನ ಆತಿಥ್ಯವನ್ನು ಹೊಗಳುವ ಬರಹಗಳು ಬೇಕಾದಷ್ಟಿವೆ. ಹೊಗೆ ತುಂಬಿದ ಅಡುಗೆಮನೆಯ ಲೆಕ್ಕ ಹಿಡಿದವು ಕಡಿಮೆ.

ಜನಗಣತಿಯವರಿಗೂ ಇಂಥ ಮನೆಗಳು ತಲೆಬಿಸಿ ತಂದಿರಬೇಕು. ಮೈಸೂರು ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಒಂದು ಕುಟುಂಬ ಎಂದರೆ ಯಾರು ಎಂಬುದಕ್ಕೆ ಭಾರತದ ಜನಗಣತಿ ಇಂದು ಹಿಡಿದಿರುವ ಅಳತೆ ರಕ್ತಸಂಬಂಧವಲ್ಲ, ಒಲೆ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತಾ ಒಂದೇ ಅಡುಗೆಮನೆಯ ಊಟ ಮಾಡುವವರು ಒಂದು ಕುಟುಂಬ. ಈ ಅಳತೆಯಲ್ಲಿ ಮನೆಯಲ್ಲೇ ಉಂಡು ಮಲಗುವ ಮೇಷ್ಟರೂ ಮನೆಯವರೇ!

ಬಿಡಾರದವರು

ಆದರೆ ದೊಡ್ಡ ಮನೆಯ ಸುತ್ತ ಇನ್ನೊಂದು ಸಾಲು ವಾಸಿಗಳಿದ್ದರು. ಅವರಿಗೆ ಜಗುಲಿಯ ಅಪ್ಪಣೆಯೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಮಲೆನಾಡನ್ನು ಕಾಡಿದ್ದು ಮಲೇರಿಯಾ. ಜನ ಸತ್ತರು, ಉಳಿದವರು ಸೊರಗಿದರು. ಗದ್ದೆಗೂ ಅಡಿಕೆ ತೋಟಕ್ಕೂ ಕೈಗಳು ಸಾಲದೆ ಬಂದವು. ಆಗ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಪದ್ಧತಿ ಬಲವಾಯಿತು. ಮುಂಗಡ ಹಣ ಪಡೆದು ಆಳುಗಳ ಗುಂಪನ್ನು ಘಟ್ಟ ಹತ್ತಿಸುವವನು ಸೇರೆಗಾರ. ಬಂದವರಿಗೆ ಮನೆಯಿಂದ ತುಸು ದೂರದಲ್ಲಿ, ತೋಟದ ಅಂಚಿನಲ್ಲಿ ಬಿಡಾರಗಳು. ಹುಲ್ಲಿನ ಸೂರು, ತಟ್ಟಿಯ ಗೋಡೆ. ಸ್ಥಳೀಯ ದಲಿತ ಕುಟುಂಬಗಳ ಕೇರಿಯಂತೂ ಇನ್ನೂ ಆಚೆ. ಅವರಲ್ಲಿ ಅನೇಕರು ತಲೆಮಾರಿನ ಸಾಲದಿಂದ ಒಂದೊಂದು ಮನೆಗೆ ಕಟ್ಟುಬಿದ್ದವರು. ಅವರನ್ನು ‘ನಮ್ಮವರು’ ಎಂದು ಮನೆಯವರು ಹೇಳಿಕೊಳ್ಳುತ್ತಿದ್ದುದುಂಟು. ಆ ‘ನಮ್ಮ’ದಲ್ಲಿ ಪ್ರೀತಿಗಿಂತ ಒಡೆತನದ ಪಾಲೇ ಹೆಚ್ಚು. ಈ ಜೀತಕ್ಕೆ ಕಾನೂನಿನ ತಡೆ ಬಿದ್ದದ್ದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಿಂದ.

ಬಿಡಾರದಲ್ಲಿ ಇರಲು ಕೊಟ್ಟ ಅಪ್ಪಣೆಯನ್ನು ಯಾವ ಸಂಜೆಯಾದರೂ ಹಿಂದಕ್ಕೆ ಪಡೆಯಬಹುದಿತ್ತು. ಕನ್ನಡದ ಒಂದು ಮಾತೇ ಇದಕ್ಕೆ ಸಾಕ್ಷಿ. ‘ಒಕ್ಕಲು’ ಎಂದರೆ ವಾಸ. ಹೊಸ ಮನೆ ಹೊಗುವುದನ್ನು ಹಳ್ಳಿಗಳಲ್ಲಿ ‘ಮನೆ ಒಕ್ಕಲು’ ಎನ್ನುತ್ತಾರೆ. ‘ಒಕ್ಕಲು’ ಎಂದರೆ ಒಡೆಯನ ಭೂಮಿಯನ್ನು ಗೇಣಿಗೆ ಮಾಡುವ ರೈತನೂ ಹೌದು. ಅವನನ್ನು ಓಡಿಸುವುದಕ್ಕೆ ‘ಒಕ್ಕಲೆಬ್ಬಿಸು’ ಎಂಬ ಒಂದೇ ಮಾತು ಸಾಕು. ಗದ್ದೆ ಹೋಯಿತೆಂದರೆ ಸೂರೂ ಹೋಯಿತು. ಭಾಷೆ ಇವೆರಡನ್ನು ಬೇರೆ ಮಾಡಿಯೇ ಇಲ್ಲ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ತಿರುಗಿಬಿದ್ದಾಗ ಮೇಲ್ನೋಟಕ್ಕೆ ಜಗಳವಿದ್ದುದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಒಡೆಯರ ಕೊಳಗ ದೊಡ್ಡದು, ಒಕ್ಕಲಿಗೆ ನಷ್ಟ. ಎಚ್. ಗಣಪತಿಯಪ್ಪ ಮೊದಲಾದವರು ಸಂಘಟಿಸಿದ ಈ ಸತ್ಯಾಗ್ರಹಕ್ಕೆ ಸಮಾಜವಾದಿಗಳು ಬೆಂಬಲ ಕೊಟ್ಟರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. ಕೊಳಗದ ಹಿಂದಿದ್ದ ಭಯ ಮಾತ್ರ ಎತ್ತಂಗಡಿಯದೇ. ಅಳತೆಯನ್ನು ಪ್ರಶ್ನಿಸಿದವನನ್ನು ಭೂಮಿಯಿಂದ ಎಬ್ಬಿಸಬಹುದಾದರೆ ಪ್ರಶ್ನೆ ಕೇಳುವವರಾರು?

ಭೂಸುಧಾರಣೆಯ ಕಥೆ ಓದುಗರಿಗೆ ಗೊತ್ತಿರುವುದೇ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಉಳುವವನೇ ಹೊಲದೊಡೆಯನಾದ. ಅಷ್ಟಾಗಿ ಚರ್ಚೆಗೆ ಬಾರದೆ ಉಳಿದದ್ದು ಅದೇ ಕಾಯಿದೆಯ 38ನೇ ಕಲಮು. ಬೇರೊಬ್ಬರ ಜಮೀನಿನಲ್ಲಿರುವ ಮನೆಯಲ್ಲಿ ವಾಸಿಸುತ್ತಾ ಬಂದ ಕೃಷಿ ಕಾರ್ಮಿಕನಿಗೆ ಆ ಮನೆ, ಅದು ನಿಂತ ನೆಲ ಎರಡನ್ನೂ ಪಡೆಯುವ ಹಕ್ಕನ್ನು ಅದು ಕೊಟ್ಟಿತು. ಉಳುವ ಗದ್ದೆಯಿಲ್ಲದವನಿಗೂ ಸೂರಿನ ಹಕ್ಕು ಸಿಕ್ಕಂತಾಯಿತು. ಒಡೆಯನ ಬಾಯಿಮಾತಿನ ಅಪ್ಪಣೆ ಮೊದಲ ಬಾರಿಗೆ ಕಾಗದದ ಮುಂದೆ ಸೋತದ್ದು ಇಲ್ಲಿ. ಇದರ ಅಡ್ಡ ಪರಿಣಾಮವೂ ಇತ್ತೆನ್ನಬೇಕು: ಬಿಡಾರ ಕೊಟ್ಟರೆ ಜಾಗವೇ ಹೋದೀತೆಂಬ ಅಂಜಿಕೆ. ತೋಟದಂಚಿನಲ್ಲಿ ಹೊಸಬರಿಗೆ ಗುಡಿಸಲು ಹಾಕಿಕೊಳ್ಳಲು ಬಿಡುವ ಮುನ್ನ ಒಡೆಯ ಎರಡು ಸಲ ಯೋಚಿಸುವಂತಾಯಿತು. ಹಟ್ಟಿ, ಹಾಡಿ, ತಾಂಡಾಗಳಂಥ ದಾಖಲೆಯಿಲ್ಲದ ಜನವಸತಿಗಳ ಸರದಿ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ 38–ಎ ಎಂಬ ಕಲಮು ಕಾಯಿದೆಗೆ ಸೇರಿ 2017ರಲ್ಲಿ ಜಾರಿಗೆ ಬಂತು. ಕಾಗೋಡಿನ ಹೋರಾಟದ ಊರಿನವರಿಂದಲೇ ಈ ಕೆಲಸ ಆದದ್ದು ಚರಿತ್ರೆಯ ಒಂದು ಚಂದದ ತಿರುವು.

ಅದೇ 1974ರ ಕಾಯಿದೆ ದೊಡ್ಡ ಮನೆಯ ಒಳಗೂ ಕೈಹಾಕಿತು. ಭೂಮಿತಿಯ ಲೆಕ್ಕಕ್ಕೆ ಅದು ‘ಕುಟುಂಬ’ ಎಂದು ಕರೆದದ್ದು ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು ಮತ್ತು ಮದುವೆಯಾಗದ ಹೆಣ್ಣುಮಕ್ಕಳನ್ನು. ಐದು ಜನರವರೆಗಿನ ಕುಟುಂಬಕ್ಕೆ ಹತ್ತು ಯೂನಿಟ್ ಮಿತಿ. ಅದಕ್ಕಿಂತ ಹೆಚ್ಚು ಜನರಿದ್ದರೆ ತಲೆಗೆ ಎರಡರಂತೆ ಒಟ್ಟು ಇಪ್ಪತ್ತರವರೆಗೆ. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರು ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ ಮನೆಗಳು ಕಾಗದದ ಮೇಲೆ ಐದೈದು ಜನರ ತುಂಡುಗಳಾದವು. ಮುಂದೆ ರೇಷನ್ ಕಾರ್ಡಿನ ವಿಷಯದಲ್ಲೂ ಇದೇ ಆಟ: ಅಡುಗೆಮನೆಗೆ ಒಂದು ಅಡ್ಡಗೋಡೆ, ಎರಡು ಒಲೆ, ಎರಡು ಕಾರ್ಡು. ಇವುಗಳಲ್ಲಿ ಕೆಲವು ಗೋಡೆಗಳು ಮೊದಲು ಕಾಗದದಲ್ಲಷ್ಟೇ ಎದ್ದು, ಆಮೇಲೆ ನಿಜವಾದವು.

ಮಗಳು ಬಂದಾಗ

ಈವರೆಗಿನದೆಲ್ಲ ಹೊರಗಿನವರ ಮಾತು. ತನ್ನ ಹುಟ್ಟಿದ ಮನೆಯಲ್ಲೇ ಉಳಿಯಲು ಅಪ್ಪಣೆ ಕೇಳಬೇಕಾಗಿದ್ದವಳೊಬ್ಬಳಿದ್ದಳು. ಅವಳು ಮನೆಯ ಮಗಳು.

ತವರಿಗೆ ಬರುವುದಕ್ಕೆ ಮಲೆನಾಡಿನಲ್ಲಿ ಹೊತ್ತುಗಳಿದ್ದವು. ದೀಪಾವಳಿಗೆ, ಭೂಮಿ ಹುಣ್ಣಿಮೆಗೆ, ಬಾಣಂತನಕ್ಕೆ. ಆ ಹೊತ್ತುಗಳಲ್ಲಿ ಬಂದ ಮಗಳು ಮನೆಗೆ ಕಳೆ. ಹೊತ್ತಲ್ಲದ ಹೊತ್ತಿನಲ್ಲಿ, ಗಂಟಿನೊಡನೆ, ಹಿಂದಿರುಗುವ ದಿನವನ್ನು ಹೇಳದೆ ಬಂದ ಮಗಳು ಪ್ರಶ್ನೆ. ತಂದೆಯಿದ್ದರೆ ಒಂದು ಮಾತು. ತಂದೆ ತೀರಿ ಅಣ್ಣನೋ ಚಿಕ್ಕಪ್ಪನೋ ಯಜಮಾನಿಕೆ ಹಿಡಿದಿದ್ದರೆ ಇನ್ನೊಂದು ಮಾತು. ‘ಇದ್ದುಕೋ’ ಎಂದವರು ಇಲ್ಲವೆಂದಲ್ಲ. ಆದರೆ ಹಾಗೆ ಇದ್ದುಕೊಂಡವಳು ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಣ್ಣುವವಳಾಗಿ ಋಣ ತೀರಿಸುತ್ತಿದ್ದಳು ಎಂಬುದನ್ನು ಹಳೆಯ ತಲೆಮಾರಿನ ಯಾವ ಮನೆಯಲ್ಲಾದರೂ ಕೇಳಬಹುದು.

ಕಾನೂನು ಇಲ್ಲಿ ನಿಧಾನವಾಗಿ, ಹಿಂದುಮುಂದು ನೋಡುತ್ತಾ ಬಂತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಮಾಡಿತ್ತು. ಆ ಕಾಲಕ್ಕೆ ಅದು ಮುಂದುವರಿದ ಹೆಜ್ಜೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಗಳನ್ನೂ ತಂದೆಯ ವಾರಸುದಾರಳೆಂದು ಒಪ್ಪಿಕೊಂಡಿತು. ಆದರೆ ಮನೆಯ ಬಾಗಿಲ ಬಳಿ ಬಂದಾಗ ಅದರ ಕೈ ನಡುಗಿತು. ಕಾಯಿದೆಯ 23ನೇ ಕಲಮಿನ ಪ್ರಕಾರ, ಕುಟುಂಬದವರೇ ಪೂರ್ತಿಯಾಗಿ ವಾಸಿಸುವ ಮನೆಯಲ್ಲಿ ಗಂಡು ವಾರಸುದಾರರು ಪಾಲು ಮಾಡಿಕೊಳ್ಳಲು ಮನಸ್ಸು ಮಾಡುವವರೆಗೆ ಹೆಣ್ಣು ವಾರಸುದಾರಳು ಪಾಲು ಕೇಳುವಂತಿರಲಿಲ್ಲ. ಅವಳಿಗಿದ್ದದ್ದು ವಾಸದ ಹಕ್ಕು ಮಾತ್ರ. ಅವಳು ಮಗಳಾಗಿದ್ದರೆ ಅದಕ್ಕೂ ಷರತ್ತು: ಮದುವೆಯಾಗಿರಬಾರದು, ಇಲ್ಲವೇ ಗಂಡ ಬಿಟ್ಟಿರಬೇಕು, ಇಲ್ಲವೇ ಗಂಡನಿಂದ ಬೇರೆಯಾಗಿರಬೇಕು, ಇಲ್ಲವೇ ವಿಧವೆಯಾಗಿರಬೇಕು.

ಅಂದರೆ ಸುಖವಾಗಿದ್ದ ಮಗಳಿಗೆ ತಂದೆಯ ಮನೆಯಲ್ಲಿ ಇರುವ ಹಕ್ಕಿಲ್ಲ. ಬದುಕು ಮುರಿದುಬಿದ್ದದ್ದನ್ನು ತೋರಿಸಿದರೆ ಉಂಟು. ಜಗುಲಿಯ ಯಜಮಾನ ಹಿಂದೆ ಕೇಳುತ್ತಿದ್ದ ಪ್ರಶ್ನೆಯನ್ನೇ ಶಾಸನ ತನ್ನ ಗಂಭೀರ ಭಾಷೆಯಲ್ಲಿ ಕೇಳಿತು ಅಷ್ಟೆ. ಈ ಕಲಮು ಸುಮಾರು ಅರ್ಧ ಶತಮಾನ ಉಳಿಯಿತು.

ಕರ್ನಾಟಕ ಈ ವಿಷಯದಲ್ಲಿ ಕೇಂದ್ರಕ್ಕಿಂತ ಮುಂದೆ ಹೋಯಿತೆಂಬುದನ್ನು ಹೇಳಲೇಬೇಕು. ರಾಜ್ಯದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಹುಟ್ಟಿನಿಂದಲೇ ಮಗಳಿಗೆ ಮಗನಷ್ಟೇ ಪಾಲು ಎಂದಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರು ಅದರ ಹೊರಗೆ. ಒಂದೇ ಮನೆಯ ಅಕ್ಕನಿಗಿಲ್ಲದ ಹಕ್ಕು ತಂಗಿಗೆ ಬಂತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಾದಾಗ ಈ ಭೇದ ಹೋಯಿತು. 23ನೇ ಕಲಮೂ ಕಾಯಿದೆಯಿಂದ ಹೊರಬಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದ ಬಂದದ್ದೆಂದು ಸ್ಪಷ್ಟಪಡಿಸಿತು. ಸೊಸೆಯ ವಿಷಯದಲ್ಲಿ ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯಿದೆ, ಗಂಡನೊಡನೆ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕನ್ನು ಹೇಳಿತು.

ಕಾಗದ ಹೀಗಿದ್ದರೂ ‘ಅಣ್ಣನ ಮನೆಯಲ್ಲಿದ್ದಾಳೆ’ ಎಂಬ ಮಾತು ಊರಿನಲ್ಲಿ ನಿಂತಿಲ್ಲ. ಅರ್ಧ ಅವಳದೇ ಆದ ಮನೆಗೂ ಆ ಮಾತು ಸಲ್ಲುತ್ತದೆ.

ಬೀಗದ ಕೈ

ಹಳ್ಳಿಯ ಮನೆಗಳು ಒಡೆಯುತ್ತಿದ್ದ ಕಾಲಕ್ಕೇ ಮಕ್ಕಳು ಓದಿಗಾಗಿ ಪೇಟೆ ಸೇರುತ್ತಿದ್ದರು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆಗಳ ಅಪ್ಪಣೆ ಸಿಕ್ಕರೆ ಓದು ಸಾಗಿತು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಬೇರೆ ಜಾತಿಗಳಿಗೆ ಅದೂ ಇಲ್ಲದ್ದರಿಂದ ಸಮುದಾಯದ ಸಂಘಗಳು ಹಾಸ್ಟೆಲು ಕಟ್ಟಿಸಿದವು. ಸ್ವಲ್ಪ ಉಳ್ಳವರು ಪೇಟೆಯಲ್ಲಿ ಒಂದು ಮನೆ ಬಾಡಿಗೆ ಹಿಡಿದು, ಅಡುಗೆಗೆ ಅಜ್ಜಿಯೊಬ್ಬಳನ್ನು ಕೂರಿಸಿ, ನೆಂಟರ ಹುಡುಗರನ್ನೆಲ್ಲ ಅಲ್ಲಿ ತುಂಬುತ್ತಿದ್ದರು.

ಇಲ್ಲಿ ಅಪ್ಪಣೆ ಕೊಡುವವನು ಬದಲಾದ. ಯಜಮಾನನ ಜಾಗಕ್ಕೆ ಮನೆ ಮಾಲೀಕ ಬಂದ. ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ (1961) ಬಾಡಿಗೆದಾರನನ್ನು ಮನಸ್ಸು ಬಂದಂತೆ ಹೊರಹಾಕದಂತೆ ಕಾಪಾಡಿತು. ಆದರೆ ಅವನು ಮನೆಯನ್ನೋ ಅದರ ಭಾಗವನ್ನೋ ಮಾಲೀಕನ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟರೆ ಆ ರಕ್ಷಣೆ ಹೋಯಿತು. ಹಾಗಾದರೆ ಊರಿಂದ ಬಂದ ಅಕ್ಕನ ಮಗ ಒಳಬಾಡಿಗೆದಾರನೇ? ಇಂಥ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳು ಹಿಡಿದ ಅಳತೆ ಸರಳ. 1959ರಲ್ಲಿ ಸುಪ್ರೀಂ ಕೋರ್ಟು ಒಂದು ಹೋಟೆಲಿನ ಪ್ರಕರಣದಲ್ಲಿ ಚರ್ಚಿಸಿದ ಹಾಗೆ, ಬಾಡಿಗೆಗೂ ಬರೀ ಅನುಮತಿಗೂ ಇರುವ ವ್ಯತ್ಯಾಸ ತಿಳಿಯಲು ನೋಡಬೇಕಾದ ಮುಖ್ಯ ಸಂಗತಿಗಳಲ್ಲಿ ಒಂದು, ಆ ಜಾಗ ಅವನ ಪ್ರತ್ಯೇಕ ಸ್ವಾಧೀನದಲ್ಲಿದೆಯೇ ಎಂಬುದು. ಕನ್ನಡದಲ್ಲಿ ಹೇಳುವುದಾದರೆ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದು. ಅಕ್ಕನ ಮಗನ ಬಳಿ ಬೀಗವಿಲ್ಲ, ಚಾಪೆಯಷ್ಟೇ ಇದೆ. ಅವನು ಅತಿಥಿ. ಕುಪ್ಪಳ್ಳಿಯಂಥ ಮನೆಗಳ ಜಗುಲಿಗೂ ಬೀಗವಿರಲಿಲ್ಲ.

ಆರು ಕೋಣೆ, ಹನ್ನೆರಡು ಹಾಸಿಗೆ

ಇಂದು ತೀರ್ಥಹಳ್ಳಿ, ಹೊಸನಗರ, ಸಾಗರದ ರಸ್ತೆಗಳಲ್ಲಿ ಹೋಂಸ್ಟೇ ಫಲಕಗಳು ಸಾಲುಸಾಲಾಗಿ ಕಾಣುತ್ತವೆ. ಅಡಿಕೆಗೆ ರೋಗ, ಕೆಲಸಕ್ಕೆ ಜನವಿಲ್ಲ, ಮಕ್ಕಳು ಬೆಂಗಳೂರಿನಲ್ಲಿ. ಉಳಿದಿರುವ ದೊಡ್ಡ ಮನೆಗೆ ಹೆಂಚು ಕೈಯಾಡಿಸುವ ಖರ್ಚು ಹುಟ್ಟಬೇಕಾದರೆ ಕೋಣೆಗಳು ದುಡಿಯಬೇಕು. ಅದಕ್ಕೆ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ, ಸ್ಥಳೀಯ ಸಂಸ್ಥೆಯ ಒಪ್ಪಿಗೆ, ಪೊಲೀಸರ ಪರಿಶೀಲನೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವರದಿ. 2012ರ ಜುಲೈನಲ್ಲಿ ಮಂಗಳೂರಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ದಾಳಿ ನಡೆದಾಗ ಪೆಟ್ಟು ತಿಂದವರು ಅತಿಥಿಗಳು; ಚರ್ಚೆ ಮಾತ್ರ ಬೇಗನೆ ಆ ಮನೆಗೆ ಪರವಾನಗಿ ಇತ್ತೇ ಎಂಬಲ್ಲಿಗೂ ತಿರುಗಿತು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾನ್ಯತೆಯ ನಿಯಮ ಇನ್ನೂ ಕುತೂಹಲಕರ. ಕನಿಷ್ಠ ಒಂದು ಕೋಣೆ, ಹೆಚ್ಚೆಂದರೆ ಆರು; ಹಾಸಿಗೆ ಹನ್ನೆರಡು ಮೀರುವಂತಿಲ್ಲ. ಇದಕ್ಕಿಂತ ಮುಖ್ಯವಾದ ಷರತ್ತು, ಮಾಲೀಕರು ಕುಟುಂಬ ಸಮೇತ ಅದೇ ಮನೆಯಲ್ಲಿ ವಾಸವಾಗಿರಬೇಕು. ಮನೆಯವರಿದ್ದರೆ ಮಾತ್ರ ಅದು ಮನೆ, ಇಲ್ಲದಿದ್ದರೆ ವಸತಿಗೃಹ. ನೆಂಟರು, ಮೇಷ್ಟರು, ದಾರಿಹೋಕರು ಎಲ್ಲರನ್ನೂ ಲೆಕ್ಕವಿಲ್ಲದೆ ಒಳಗೊಳ್ಳುತ್ತಿದ್ದ ಕಟ್ಟಡಕ್ಕೆ ಈಗ ಲೆಕ್ಕ ಹಾಕಿ ಅಪ್ಪಣೆ ಕೊಡಲಾಗುತ್ತದೆ. ಹಿಂದಿನದಕ್ಕಿಂತ ಇದರಲ್ಲಿ ಒಂದು ಹೆಚ್ಚಿನ ಗುಣವಿದೆ. ಹಣ ಕೊಟ್ಟು ಬಂದವನ ಜಾತಿಯನ್ನು ಈ ನಮೂನೆ ಕೇಳುವುದಿಲ್ಲ. ಹೊರಜಗುಲಿ ಯಾರಿಗೆ, ಒಳಜಗುಲಿ ಯಾರಿಗೆ ಎಂಬ ಅಂಕಣವೂ ಅದರಲ್ಲಿಲ್ಲ.

ಇತ್ತ ಆ ಮನೆಗಳ ಮಕ್ಕಳಲ್ಲಿ ಅನೇಕರು ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿದ್ದಾರೆ. 2024ರಲ್ಲಿ ಕೋರಮಂಗಲದ ಪಿ.ಜಿ. ಒಂದರಲ್ಲಿ ಯುವತಿಯ ಕೊಲೆ ನಡೆದ ಮೇಲೆ ಆಗಿನ ಬಿಬಿಎಂಪಿ ಇಂಥ ಕಟ್ಟಡಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಿಸಿ ಟಿವಿ ಇರಬೇಕು, ತಲೆಗೆ ದಿನಕ್ಕೆ 135 ಲೀಟರ್ ನೀರು ಒದಗಿಸಬೇಕು, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗವಿರಬೇಕು. ತೀರ್ಥಹಳ್ಳಿಯ ತೊಟ್ಟಿಮನೆಯಲ್ಲಿ ಉಳಿದಿರುವ ಅಪ್ಪ ಅಮ್ಮ ಆರು ಕೋಣೆಗಳ ನಮೂನೆಗೆ ಸಹಿ ಹಾಕಬಹುದು, ಅವರು ಅಲ್ಲೇ ವಾಸವಾಗಿರುವವರೆಗೆ. ಮಗನ ಹತ್ತಿರ ಹೋಗಿಬಿಟ್ಟರೆ ಆ ಮಾನ್ಯತೆಗೆ ಅರ್ಹತೆ ಉಳಿಯುವುದಿಲ್ಲ. ಮಗನ ಎಪ್ಪತ್ತು ಚದರ ಅಡಿಯಲ್ಲಿ ಅವರಿಬ್ಬರು ಒಂದು ರಾತ್ರಿ ಉಳಿಯಬೇಕಾದರೂ ಪಿ.ಜಿ.ಯ ಮೇಲ್ವಿಚಾರಕನನ್ನು ಕೇಳಬೇಕು.